ಅವರೆ ಹಿತುಕೋದು, ಸಂಡಿಗೆ ಇಡೋದು: ಪುಟ್ಟ ಮಕ್ಕಳಿಗೆ ತಿನ್ನುವ ಸಾಮಾನಿನ ಆಟ

ಮೂರು ವರ್ಷದ ಹಿಂದೆ ನಾನು ಎರಡು ಕೆಜಿ ಅಕ್ಕಿಗೆ ಬಣ್ಣ ಹಾಕಿದೆ. ಫೋನಿನಲ್ಲಿ ಯಾರೋ ಮಾಡಿದ್ದು ನೋಡಿದ್ದೆ. ಐದು ಬಣ್ಣ, ಐದು ಡಬ್ಬಿ, ನಡುವೆ ಪ್ಲಾಸ್ಟಿಕ್ ಡೈನೋಸಾರ್. ಸೆನ್ಸರಿ ಪ್ಲೇ ಅಂತಾರೆ ಇದಕ್ಕೆ. ಮುಟ್ಟಿ, ಮೂಸಿ, ಹಿಸುಕಿ, ಬಾಯಿಗಿಟ್ಟು ಆಡುವ ಆಟ. ಮಗಳಿಗೆ ಆಗ ಒಂದೂವರೆ ವರ್ಷ. ಹತ್ತು ನಿಮಿಷ ಆಡಿದಳು. ಒಂದು ಹಿಡಿ ಬಾಯಿಗೆ ತುಂಬಿಕೊಂಡಳು. ಉಳಿದದ್ದನ್ನು ಹಾಲ್ ತುಂಬಾ ಎರಚಿದಳು.

ಅತ್ತೆ ಆಗ ಊರಿನಿಂದ ಬಂದಿದ್ದರು. ಮಂಡ್ಯದ ಕಡೆಯವರು, ಗದ್ದೆ ಮಾಡಿದವರು. ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಅದು ಅನ್ನ ಕಣವ್ವ" ಅಂದರು, ಅಷ್ಟೇ. ನಾನು ಪೊರಕೆ ತಂದರೆ ಮುಟ್ಟಿಸಲಿಲ್ಲ. ಕೈಯಲ್ಲೇ ಬಳಿದು ಬಳಿದು ಮೊರಕ್ಕೆ ತುಂಬಿದರು. ಬಣ್ಣ ಹಿಡಿದ ಆ ಅಕ್ಕಿ ಅನ್ನಕ್ಕೂ ಆಗಲಿಲ್ಲ, ಹಸುವಿಗೆ ಹಾಕೋಕೂ ಮನಸ್ಸು ಬರಲಿಲ್ಲ.

ಅದೇ ವಾರ ಅವರು ಅವರೆಕಾಯಿ ಸುಲಿಯೋಕೆ ಕೂತರು. ಸಿಪ್ಪೆಯನ್ನೆಲ್ಲ ಮಗಳ ಮುಂದೆ ಗುಡ್ಡೆ ಹಾಕಿದರು. ಅವಳು ಮುಕ್ಕಾಲು ಗಂಟೆ ಅಲುಗಾಡಲಿಲ್ಲ! ಸಿಪ್ಪೆ ಹರಿದಳು, ಮೂಸಿದಳು, ಅಜ್ಜಿಯ ಮಡಿಲಿಗೆ ಹಾಕಿದಳು, ಮತ್ತೆ ತೆಗೆದಳು. ದುಡ್ಡು ಕೊಟ್ಟು ತಂದ ಡೈನೋಸಾರ್ ಮೂಲೆಯಲ್ಲಿ ಬಿದ್ದಿತ್ತು.

ಆವತ್ತಿನಿಂದ ನಮ್ಮನೆಯಲ್ಲಿ ಆಟಕ್ಕೆ ಅಂತ ಬೇರೆ ಸಾಮಾನು ತರುವುದಿಲ್ಲ. ಆ ಕಾಲಕ್ಕೆ ಅಡುಗೆಮನೆಯಲ್ಲಿ ಏನು ಕೆಲಸ ನಡೀತಿದೆಯೋ ಅದರಲ್ಲೇ ಮಕ್ಕಳಿಗೊಂದು ಪಾಲು. ಆಡಿದ್ದು ಪಾತ್ರೆಗೆ ಹೋಗಬೇಕು, ಇಲ್ಲವೇ ಹಸುವಿಗೆ, ಕೊನೇ ಪಕ್ಷ ಗಿಡದ ಬುಡಕ್ಕೆ. ಈಗ ಮಗಳಿಗೆ ನಾಲ್ಕೂವರೆ, ಅವಳ ತಮ್ಮನಿಗೆ ಒಂದೂವರೆ. ಇಬ್ಬರ ಮೇಲೂ ಮಾಡಿ ನೋಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು

ತಿನ್ನುವ ಸಾಮಾನು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ದೊಡ್ಡ ಭಯ ಗಂಟಲಿಗೆ ಸಿಕ್ಕಿಕೊಳ್ಳುವುದು. ಕಡಲೆಬೀಜ, ಹುರಿಗಡಲೆ, ಒಣ ಕಾಳು, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಕೊಬ್ಬರಿ ತುಂಡು ಇವನ್ನು ನಾಲ್ಕೈದು ವರ್ಷ ತುಂಬುವ ತನಕ ಕೈಗೆ ಕೊಡಬೇಡಿ. ನುಂಗದಿದ್ದರೂ ಮೂಗು, ಕಿವಿಗೆ ತುರುಕಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆ ಹುಡುಗ ಹೋದ ವರ್ಷ ಅವರೆಕಾಳನ್ನು ಮೂಗಿಗೆ ಹಾಕಿಕೊಂಡ. ಅವರಮ್ಮ ಗಾಬರಿಯಲ್ಲಿ ಬೆರಳು ಹಾಕಿ ತೆಗೆಯೋಕೆ ಹೋದರು, ಅದು ಇನ್ನೂ ಒಳಕ್ಕೆ ಹೋಯಿತು. ಕಾಳು ಒದ್ದೆಗೆ ಊದಿಕೊಳ್ಳುತ್ತೆ ಬೇರೆ. ಹಾಗಾದರೆ ಬೆರಳು, ಚಿಮಟ ಏನೂ ಹಾಕದೆ ಸೀದಾ ಡಾಕ್ಟರ ಹತ್ತಿರ ಓಡಿ.

ಹಸಿ ಹಿಟ್ಟು ಇನ್ನೊಂದು. ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಕೂರಿಸೋದು ಎಲ್ಲರ ಮನೆಯಲ್ಲೂ ಇದ್ದದ್ದೇ, ನಾನೂ ಕೊಟ್ಟಿದ್ದೇನೆ. ಆದರೆ ಹಿಟ್ಟು ಬೀಸಿದ್ದೇ ಹೊರತು ಬೆಂದದ್ದಲ್ಲ. ಹೊಟ್ಟೆ ಕೆಡಿಸುವ ರೋಗಾಣು ಅದರಲ್ಲಿ ಇರಬಹುದು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನಲ್ಲಿ ಹುರಿದ ಅಥವಾ ಬೇಯಿಸಿದ ಹಿಟ್ಟು ಮಾತ್ರ ಸಾಕು. ಉಪ್ಪು ಸುರಿದು ಕಲಸುವ ಆಟದ ಹಿಟ್ಟಂತೂ ಬೇಡವೇ ಬೇಡ. ಅಷ್ಟು ಉಪ್ಪು ಪುಟ್ಟ ಹೊಟ್ಟೆಗೆ ವಿಷದ ಸಮ. ಹಸಿ ರಾಜ್ಮಾ ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ವಾಂತಿ ಭೇದಿ ಆಗಬಹುದು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಇಲ್ಲ. ಎಳ್ಳು, ಕಡಲೆಬೀಜ, ಹಾಲು, ಗೋಧಿ ಕೆಲವು ಮಕ್ಕಳ ಮೈಗೆ ಒಗ್ಗಲ್ಲ. ಊಟದಲ್ಲಿ ಒಮ್ಮೆ ತಿಂದು ಒಗ್ಗಿದ್ದನ್ನೇ ಆಟಕ್ಕೆ ಇಡಿ.

ಮಿಕ್ಕಿದ್ದು ಸುಲಭ. ಹಳೇ ಪಂಚೆ ಹಾಸಿ, ಮೇಲೆ ಅಂಚಿರುವ ದೊಡ್ಡ ಸ್ಟೀಲ್ ತಟ್ಟೆ ಇಡಿ. ಕೈ ತೊಳೆಸಿ. ಮೈ ಮೇಲೆ ಚಡ್ಡಿ ಒಂದಿದ್ದರೆ ಸಾಕು. ಸ್ನಾನಕ್ಕೆ ಮುಂಚಿನ ಅರ್ಧ ಗಂಟೆ ಇದಕ್ಕೆ ಒಳ್ಳೆಯ ಹೊತ್ತು. ಆಡಿ ಮೆತ್ತಿಕೊಂಡ ಮಗುವನ್ನು ಹಾಗೇ ಎತ್ತಿ ಬಚ್ಚಲಿಗೆ ತಗೊಂಡು ಹೋಗಬಹುದು. ನೀವು ಪಕ್ಕದಲ್ಲೇ ಕೂತಿರಬೇಕು. ಫೋನ್ ಬಂತು ಅಂತ ಎದ್ದು ಹೋಗೋ ಹಾಗಿಲ್ಲ. ನೀರಿನ ಆಟವಾದರೆ ಅಂಗೈ ಆಳದ ನೀರೂ ಅಪಾಯವೇ.

ಅವರೆ ಕಾಲ

ಡಿಸೆಂಬರ್, ಜನವರಿಯಲ್ಲಿ ಬೇರೆ ಏನೂ ಯೋಚಿಸಬೇಕಿಲ್ಲ. ಸೊಗಡಿನ ಅವರೆ ಎರಡು ಕೆಜಿ ತನ್ನಿ. ಸೊಗಡು ಇರೋದು ಸಿಪ್ಪೆಯಲ್ಲಿ, ಸುಲಿದವರ ಬೆರಳಿಗೆ ಅಂಟಿಕೊಂಡು ಸಂಜೆವರೆಗೂ ಹೋಗಲ್ಲ. ನನ್ನ ಮಗಳು ನಿದ್ದೆ ಬರುವಾಗ ಬೆರಳು ಮೂಸಿಕೊಳ್ಳುತ್ತಾ ಮಲಗುತ್ತಾಳೆ.

ನಾಲ್ಕು ವರ್ಷದ ಒಳಗಿನವರಿಗೆ ಕಾಳು ತೆಗೆದ ಸಿಪ್ಪೆ ಮಾತ್ರ. ಅದೇನು ಕಡಿಮೆಯೇ? ಹೊರಗೆ ನುಣುಪು ಅಂಟು, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಒಂದು ಬೇಸಿನ್ನಿನಲ್ಲಿ ಸ್ವಲ್ಪ ನೀರು ಹಾಕಿಕೊಟ್ಟರೆ ಸಿಪ್ಪೆ ದೋಣಿ ಆಗುತ್ತೆ. ಹುಳ ಸಿಗುತ್ತೆ, ಹಸಿರು ಹುಳ, ಸಿಕ್ಕೇ ಸಿಗುತ್ತೆ. ಕಿರುಚಿ ಎಸೆಯಬೇಡಿ. ನಮ್ಮನೆಯಲ್ಲಿ ಹುಳಕ್ಕೆ ಒಂದು ಬಟ್ಟಲು ಬೇರೆ ಇದೆ. ಅದು ಹೇಗೆ ನಡೆಯುತ್ತೆ ಅಂತ ನೋಡಿ, ಆಮೇಲೆ ಗಿಡದ ಮೇಲೆ ಬಿಟ್ಟು ಬರ್ತೀವಿ.

ನಾಲ್ಕು ದಾಟಿದವರಿಗೆ ಹಿತುಕೋ ಕೆಲಸ. ಸುಲಿದ ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಮೊದಮೊದಲು ಬೇಳೆ ಸೋಫಾ ಕೆಳಗೆ, ಅಜ್ಜಿ ಕನ್ನಡಕದ ಮೇಲೆ ಹೋಗುತ್ತೆ. ಎದುರಿಗೆ ಆಳದ ಪಾತ್ರೆ ಓರೆಯಾಗಿ ಇಟ್ಟರೆ ಗುರಿ ಹೊಡೆಯುವ ಆಟವಾಯಿತು. ಬೆರಳ ತುದಿಗೆ ಇಷ್ಟು ಒಳ್ಳೆ ಕೆಲಸ ನನಗೆ ಇನ್ನೊಂದು ಗೊತ್ತಿಲ್ಲ. ಒಂದು ಬಟ್ಟಲು ಹಿತುಕೋಕೆ ಮಗಳಿಗೆ ಇಪ್ಪತ್ತು ನಿಮಿಷ ಬೇಕು. ಸಾರು ಮಾಡುವಾಗ ಅವಳ ಬಟ್ಟಲನ್ನು ಅವಳ ಎದುರಿಗೇ ಪಾತ್ರೆಗೆ ಸುರಿಯುತ್ತೇನೆ. ಮರೆತರೆ ಜಗಳ.

ಹಸಿ ಅವರೆ ಬೇಯಿಸದೆ ತಿನ್ನುವಂಥದ್ದಲ್ಲ. ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಸಂಕ್ರಾಂತಿಯ ಎಳ್ಳು ಬೆಲ್ಲ ಚಿಕ್ಕವರಿಗೆ ಆಟದ ಸಾಮಾನಲ್ಲ. ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಲ್ಲವೂ ಗಂಟಲಿನ ಶತ್ರು. ಸಕ್ಕರೆ ಅಚ್ಚಿನ ಪಾಕವಂತೂ ಹತ್ತಿರ ಬಿಡಬೇಡಿ, ಎಣ್ಣೆಗಿಂತ ಕೆಟ್ಟದಾಗಿ ಸುಡುತ್ತೆ. ಆದರೆ ಆ ಮರದ ಅಚ್ಚುಗಳನ್ನು ಹಬ್ಬ ಮುಗಿದ ಮೇಲೆ ಅಟ್ಟಕ್ಕೆ ಹಾಕಬೇಡಿ. ನವಿಲು, ಆನೆ, ತೇರು. ವರ್ಷಕ್ಕೊಂದು ದಿನ ಮಾತ್ರ ಹೊರಗೆ ಬರೋದು ಅನ್ಯಾಯ ಅಲ್ವಾ? ಮುಂದೆ ಹೇಳುವ ರಾಗಿ ಮಣ್ಣಿಗೂ ಕಡುಬಿನ ಹಿಟ್ಟಿಗೂ ಅವು ಬೇಕು.

ಕೆಂಪಾಗುವ ಅರಿಶಿನ

ಯುಗಾದಿಯ ಹೊತ್ತಿಗೆ ಸೆಕೆ ಶುರು. ಆಗ ಓಕುಳಿ ನೀರು ಮಾಡಿ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಗಾಗುವುದು ನಿಮಗೆ ಗೊತ್ತಿರುತ್ತೆ. ಮಕ್ಕಳ ಆಟಕ್ಕೆ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ. ಅದರ ಬದಲು ಅಡುಗೆ ಸೋಡಾ. ಒಂದು ಲೋಟ ನೀರಿಗೆ ಕಾಲು ಚಮಚ ಅರಿಶಿನ ಕದಡಿ. ಇನ್ನೊಂದು ಬಟ್ಟಲಲ್ಲಿ ಅರ್ಧ ಚಮಚ ಸೋಡಾ ಕರಗಿಸಿದ ನೀರು, ಮತ್ತೊಂದರಲ್ಲಿ ನಿಂಬೆರಸ. ಮಗು ಚಮಚದಲ್ಲಿ ಸೋಡಾ ನೀರು ಹಾಕಿದರೆ ಹಳದಿ ಹೋಗಿ ಕೆಂಪು. ನಿಂಬೆರಸ ಹಾಕಿದರೆ ಜುಸ್ ಅಂತ ನೊರೆ ಬಂದು ಮತ್ತೆ ಹಳದಿ. ನಾಲ್ಕು ವರ್ಷದವಳು ಇದನ್ನು ಹನ್ನೊಂದು ಸಲ ಮಾಡಿಸಿದ್ದಾಳೆ, ಎಣಿಸಿದ್ದೇನೆ. ಚಿಕ್ಕವನಿಗೆ ಬರೀ ಅರಿಶಿನದ ನೀರಿನಲ್ಲಿ ಸೌಟು ಆಡಿಸೋದೇ ಸಾಕು. ನಿಂಬೆ ಕೈಯಲ್ಲಿ ಕಣ್ಣುಜ್ಜಿಕೊಳ್ಳದ ಹಾಗೆ ನೋಡಿ. ಸೋಡಾ ನೀರು ಕುಡಿಯೋಕಲ್ಲ.

ಬಟ್ಟೆಗೆ ಕಲೆ ಆಗುತ್ತೆ. ಸೋಪು ಹಚ್ಚಿದ ತಕ್ಷಣ ಆ ಕಲೆಯೂ ಕೆಂಪಾಗುತ್ತೆ, ಹೆದರಬೇಡಿ. ತೊಳೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಎರಡು ಮೂರು ದಿನದಲ್ಲಿ ಮಾಸುತ್ತೆ.

ಸಂಡಿಗೆ

ನನ್ನನ್ನು ಕೇಳಿದರೆ ವರ್ಷದ ಆಟಗಳಲ್ಲೆಲ್ಲ ಇದೇ ರಾಣಿ. ತಾರಸಿ, ಬಿಸಿಲು, ಹಾಸಿದ ಬಟ್ಟೆ, ಬೆಚ್ಚಗಿನ ಹಿಟ್ಟು, ಕಾಗೆ ಓಡಿಸುವ ಕೋಲು. ಇನ್ನೇನು ಬೇಕು?

ಒಂದು ಲೋಟ ಸಬ್ಬಕ್ಕಿಯನ್ನು ಎರಡು ಲೋಟ ನೀರಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಇನ್ನು ಮೂರು ಲೋಟ ನೀರು ಕುದಿಸಿ, ನೆನೆದದ್ದನ್ನು ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಕಾಳುಗಳು ಗಾಜಿನ ಹಾಗೆ ಕಾಣಿಸಿದರೆ ಬೆಂದಂತೆ. ಉಪ್ಪು, ಜೀರಿಗೆ, ಮೆಣಸಿನಕಾಯಿ ಹಾಕುವ ಮೊದಲೇ ಮಕ್ಕಳ ಪಾಲು ತೆಗೆದಿಡಿ. ಮೆಣಸಿನಕಾಯಿ ಹಾಕಿದ ಹಿಟ್ಟು ಕಣ್ಣಿಗೆ ಹೋದರೆ ಆವತ್ತಿನ ಸಂಡಿಗೆ ಅಲ್ಲಿಗೇ ನಿಂತಂತೆ. ನಾನು ಒಂದು ಸಲ ಮರೆತು ಅನುಭವಿಸಿದ್ದೇನೆ. ಅವರ ಪಾಲನ್ನು ಎರಡು ಬಟ್ಟಲು ಮಾಡಿ, ಒಂದಕ್ಕೆ ಬೀಟ್‌ರೂಟ್ ರಸ, ಇನ್ನೊಂದಕ್ಕೆ ಅರೆದು ಸೋಸಿದ ಪಾಲಕ್ ರಸ. ನಿಮ್ಮ ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಲಿ.

ದೊಡ್ಡ ಮಕ್ಕಳಿಗೆ ಚಮಚ. ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಡುತ್ತಾ ಹೋಗಬೇಕು. ಅವರದ್ದು ದುಂಡಗೆ ಬರಲ್ಲ. ಮೋಡ, ಚಪ್ಪಲಿ, ಭಾರತದ ಭೂಪಟ ಎಲ್ಲ ಬರುತ್ತೆ. ಚಿಕ್ಕವರಿಗೆ ಚಮಚವೇ ಬೇಡ, ಅಂಗೈಯಲ್ಲಿ ಬಳಿಯಲಿ. ಸಂಜೆ ಬಂದು ಮುಟ್ಟಿದರೆ ಮೇಲೆ ಒಣಗಿ ಕೆಳಗೆ ಅಂಟು. ಮರುದಿನ ಬಟ್ಟೆಯ ಹಿಂಭಾಗಕ್ಕೆ ನೀರು ಚಿಮುಕಿಸಿ ಬಿಡಿಸಬೇಕು, ಅದೂ ಅವರದ್ದೇ ಕೆಲಸ. ಮೂರನೇ ದಿನ ಗಲಗಲ ಸದ್ದು. ಒಂದೇ ಹಿಟ್ಟು ಮೂರು ದಿನದಲ್ಲಿ ಮೂರು ಥರ ಆಗುವುದನ್ನು ಬೆರಳಲ್ಲೇ ತಿಳಿದುಕೊಳ್ಳುತ್ತಾರೆ. ಒಣಗಿದ್ದನ್ನು ಹಸಿಯಾಗಿ ಕಡಿಯಲು ಬಿಡಬೇಡಿ, ಗಟ್ಟಿ ಇರುತ್ತೆ. ಕರಿದು ಕೊಡಿ.

ಅಂದ ಹಾಗೆ, ನೀರಲ್ಲಿ ಊದುವ ಪ್ಲಾಸ್ಟಿಕ್ ಮಣಿಗಳು ಅಂಗಡಿಯಲ್ಲಿ ಸಿಗುತ್ತವೆ. ಚೆಂದ ಕಾಣುತ್ತವೆ, ಆದರೆ ಮಗು ನುಂಗಿದರೆ ಕರುಳಿನಲ್ಲಿ ಊದಿ ಅಡ್ಡ ಕೂರುತ್ತವೆ. ಆ ಜಾರುವ ಮಣಿಯ ಸುಖ ಬೇಕಿದ್ದರೆ ಸಬ್ಬಕ್ಕಿಯನ್ನೇ ಜಾಸ್ತಿ ನೀರಲ್ಲಿ ಬೇಯಿಸಿ, ಜರಡಿಗೆ ಸುರಿದು ತಣ್ಣೀರು ಹಾಯಿಸಿ. ಕಾಮಕಸ್ತೂರಿ ಬೀಜವೂ ಆಗುತ್ತೆ. ಒಂದು ಚಮಚ ಬೀಜ, ಒಂದು ದೊಡ್ಡ ಲೋಟ ನೀರು, ಹದಿನೈದು ನಿಮಿಷ. ಒಳಗೆ ಕಪ್ಪು ಚುಕ್ಕಿ, ಸುತ್ತ ಲೋಳೆ. ಮಗಳು ಅದನ್ನು ಕಪ್ಪೆಮೊಟ್ಟೆ ಅಂತಾಳೆ. ಒಣ ಬೀಜ ಮಾತ್ರ ಕೈಗೆ ಸಿಗದಿರಲಿ. ಪೂರ್ತಿ ನೆನೆದ ಮೇಲೇ ಕೊಡಿ.

ಏಪ್ರಿಲ್, ಮೇ ಬಂದರೆ ರಸಪುರಿ ಮಾವು. ಸೀಕರಣೆ ಮಾಡುವ ದಿನ ಹಣ್ಣನ್ನು ಮೊದಲು ಅರ್ಧ ಗಂಟೆ ನೀರಲ್ಲಿ ಹಾಕಿಡಿ, ತೊಟ್ಟಿನ ಸೊನೆ ತುಟಿಗೆ ತಾಗಿದರೆ ಗುಳ್ಳೆ ಏಳುತ್ತೆ. ತೊಟ್ಟು ತೆಗೆದ ಹಣ್ಣು ಮಗುವಿನ ಕೈಯಲ್ಲಿ, ಕೆಳಗೆ ಪಾತ್ರೆ. ಹಿಸುಕಲಿ. ಇದಕ್ಕೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ.

ಮಳೆಗಾಲದ ಮಣ್ಣು

ಜೂನ್, ಜುಲೈ ಕಷ್ಟದ ತಿಂಗಳು. ಹೊರಗೆ ಕೆಸರು, ಒಳಗೆ ಎರಡು ಮಂಗ. ಆಗ ರಾಗಿ ಹುರಿಹಿಟ್ಟು ಕಾಪಾಡುತ್ತೆ. ಅರಳಿಸಿದ ರಾಗಿಯನ್ನು ಬೀಸಿದ್ದರಿಂದ ಇದು ಹಸಿ ಹಿಟ್ಟಲ್ಲ, ಹಾಗೇ ತಿನ್ನಬಹುದು. ಬಣ್ಣವೂ ಥೇಟ್ ಮಣ್ಣು.

ಒಣ ಹಿಟ್ಟನ್ನು ಕೊಡಬೇಡಿ. ಊದುತ್ತಾರೆ, ಮೂಗಿಗೆ ಹೋಗಿ ಕೆಮ್ಮುತ್ತಾರೆ. ಒಂದು ಲೋಟ ಹುರಿಹಿಟ್ಟಿಗೆ ಮೂರು ಚಮಚ ಹಾಲು ಹಾಕಿ ಬೆರಳಲ್ಲಿ ಉದುರುದುರಾಗಿ ಕಲಸಿ. ಹಿಡಿದರೆ ಉಂಡೆ ನಿಲ್ಲಬೇಕು, ಒತ್ತಿದರೆ ಪುಡಿಯಾಗಬೇಕು. ಇದು ಮಣ್ಣು. ತಟ್ಟೆಯಲ್ಲಿ ಸುರಿದು ಒಂದು ಚಮಚ, ಒಂದು ಲೋಟ, ನಾಲ್ಕು ಕರಿಬೇವಿನ ಕಡ್ಡಿ ಕೊಡಿ. ಕಡ್ಡಿಗಳು ಮರ, ಲೋಟ ಮಗುಚಿದರೆ ಮನೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಚಿಕ್ಕ ಗಿಂಡಿಯಲ್ಲಿ ಹಾಲು ಕೊಡಿ. ಅವರೇ ಹುಯ್ದುಕೊಂಡು ಕೆಸರು ಮಾಡುತ್ತಾರೆ. ಮಣ್ಣು ಕೆಸರಾಗುವ ಆ ಗಳಿಗೆಗೆ ಕಾಯುತ್ತಿರುತ್ತಾರೆ, ತಡ ಮಾಡಬೇಡಿ. ಗಟ್ಟಿ ಇರುವಾಗ ಸಂಕ್ರಾಂತಿಯ ಆನೆ ಅಚ್ಚಿಗೆ ಒತ್ತಿದರೆ ಆನೆ ಚೆನ್ನಾಗಿ ಬರುತ್ತೆ. ಸೊಂಡಿಲು ಮಾತ್ರ ಮುರಿಯುತ್ತೆ.

ಬೆಲ್ಲ ನಾನು ಆಟ ಮುಗಿದ ಮೇಲೆ ಹಾಕೋದು. ಮೊದಲೇ ಹಾಕಿದರೆ ಇರುವೆ ದಂಡೇ ಬರುತ್ತೆ, ಮಳೆಗಾಲದಲ್ಲಿ ಕೇಳೋದೇ ಬೇಡ. ಉಳಿದ ಹಿಟ್ಟಿಗೆ ಬೆಲ್ಲದ ಪುಡಿ, ತುಪ್ಪ ಸೇರಿಸಿ ಉಂಡೆ ಕಟ್ಟಿ ಆಗಲೇ ತಿನ್ನಿಸಿ. ಹಾಲು ಬಿದ್ದದ್ದನ್ನು ಎತ್ತಿಡಬೇಡಿ. ಎಂಜಲಾಗಿದ್ದು ನಮ್ಮ ಬೀದಿಯ ಕೊನೆಯ ಹಸುವಿಗೆ. ಅದು ಈಗ ನಮ್ಮ ಗೇಟಿನ ಸದ್ದು ಕೇಳಿದರೆ ತಿರುಗಿ ನೋಡುತ್ತೆ.

ಮುಸುಕಿನ ಜೋಳ ತಂದ ದಿನ ಸಿಪ್ಪೆ ಬಿಡಿಸೋದು ಚಿಕ್ಕವನ ಕೆಲಸ. ಒಳಗಿನ ರೇಷ್ಮೆ ಕೂದಲು ಸಿಕ್ಕಿದಾಗ ಅವನ ಮುಖ ನೋಡಬೇಕು.

ಗೌರಿ ಗಣೇಶ, ಕಡುಬಿನ ಹಿಟ್ಟು

ಅಂಗಡಿಯ ಆಟದ ಹಿಟ್ಟಿಗೆ ಇದಕ್ಕಿಂತ ಒಳ್ಳೆ ಜವಾಬಿಲ್ಲ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಉರಿ ಸಣ್ಣ ಮಾಡಿ ಒಂದು ಲೋಟ ಅಕ್ಕಿಹಿಟ್ಟು ಹಾಕಿ, ಗಂಟಾಗದ ಹಾಗೆ ತಿರುವಿ, ಮುಚ್ಚಿ ಐದು ನಿಮಿಷ ಬಿಡಿ. ಬಿಸಿ ಇರುವಾಗಲೇ ನೀವು ನಾದಬೇಕು, ಆರಿದ ಮೇಲೆ ಬಿರುಕು ಬಿಡುತ್ತೆ. ಉಕ್ಕರಿಸಿದ ಈ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು, ಬೆಚ್ಚಗಾದ ಮೇಲೆ ನಿಂಬೆ ಗಾತ್ರದ ಉಂಡೆ ಒಂದೊಂದೇ ಕೊಡಿ. ಕೈಗೆ ಒಂದು ಹನಿ ತುಪ್ಪ.

ಹೋದ ವರ್ಷ ನಾನು ಕಡುಬು ಮಡಿಸುವುದನ್ನು ಹೇಳಿಕೊಡಲು ಹೋದೆ, ಅವಳು ಇಲಿ ಮಾಡಿದಳು. ಏಳು ಇಲಿ, ಒಂದೂ ಒಂದರ ಹಾಗೆ ಇಲ್ಲ. ತಮ್ಮನಿಗೆ ಉಂಡೆಯಲ್ಲಿ ಬೆರಳು ಚುಚ್ಚಿ ತೂತು ಮಾಡುವುದೇ ಹಬ್ಬ. ಎಲ್ಲವನ್ನೂ ಇಡ್ಲಿ ತಟ್ಟೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿದೆ. ಮಕ್ಕಳು ಮುಟ್ಟಿದ್ದು ನೈವೇದ್ಯಕ್ಕೆ ಆಗಲ್ಲ ಅಂತ ನಾನು ಬೇರೆ ಎತ್ತಿಟ್ಟಿದ್ದೆ. ಅತ್ತೆ ಒಂದು ಇಲಿ ತೆಗೆದು ಗಣಪತಿಯ ಪಾದದ ಹತ್ತಿರ ಇಟ್ಟರು. "ಅವನ ವಾಹನ ತಾನೆ, ಇರಲಿ" ಅಂದರು.

ದಸರಾ, ಕಾರ್ತಿಕ

ಆಯುಧಪೂಜೆಗೆ ಕಡ್ಲೆಪುರಿ ತರ್ತೀವಲ್ಲ, ಅದರಿಂದ ಹುರಿಗಡಲೆ, ಕಡಲೆಬೀಜ ಆರಿಸಿ ತೆಗೆದು ಬರೀ ಪುರಿ ಕೊಡಿ. ಎತ್ತರದಿಂದ ಸ್ಟೀಲ್ ಪಾತ್ರೆಗೆ ಸುರಿದರೆ ಮಳೆ ಸದ್ದು. ಸೇರು, ಪಾವು ಇದ್ದರೆ ಅಳೆಯಲಿ. ಅಂಗೈ ಮೇಲಿಟ್ಟು ಊದಿ ಯಾರದ್ದು ದೂರ ಹೋಗುತ್ತೆ ಅಂತ ಪಂದ್ಯ. ಇದು ಬಾಯಲ್ಲಿ ಬೇಗ ನೆನೆದು ಕರಗುತ್ತೆ, ಆದರೂ ಚಿಕ್ಕವರಿಗೆ ಒಂದೊಂದೇ. ಊದುವ ಪಂದ್ಯದ ಹೊತ್ತಿಗೆ ಬಾಯಲ್ಲಿ ಏನೂ ಇರಬಾರದು.

ಕಾರ್ತಿಕ ಮಾಸದ ಕೊನೇ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ಹೊತ್ತಿಗೆ ನಮ್ಮ ಮೈಸೂರಿನ ಗಾಡಿಗಳಲ್ಲೂ ಹಸಿ ಕಡಲೆಕಾಯಿ ಬಂದಿರುತ್ತೆ. ಮಣ್ಣು ಹೋಗುವ ತನಕ ತೊಳೆಯೋದು ಮೊದಲ ಆಟ, ನಾಲ್ಕು ನೀರು ಬೇಕು. ಉಪ್ಪು ಹಾಕಿ ಬೇಯಿಸಿ ಆರಿಸಿದ ಮೇಲೆ ಸಿಪ್ಪೆ ಒತ್ತಿದರೆ ಒಳಗಿನ ನೀರು ಚಿರ್ ಅಂತ ಮುಖಕ್ಕೆ ಹಾರುತ್ತೆ, ಅದು ಎರಡನೆಯದು. ಸಿಪ್ಪೆ ಒಡೆಯೋದು ಮಗಳು, ಬೀಜ ನನ್ನ ಬಟ್ಟಲಿಗೆ. ನಾನು ಬೆರಳಲ್ಲಿ ಜಜ್ಜಿ ಮೆತ್ತಗೆ ಮಾಡಿದ್ದನ್ನು ಮಾತ್ರ ಅವರಿಬ್ಬರೂ ತಿನ್ನೋದು. ಇಡೀ ಬೀಜ ಈಗಲೇ ಇಲ್ಲ ಅಂತ ಅವಳಿಗೂ ಗೊತ್ತು, ಆದರೂ ದಿನಾ ಒಂದು ಸಲ ಕೇಳುತ್ತಾಳೆ.

ಸಿಪ್ಪೆಯೆಲ್ಲ ತೊಳೆದು ಕರಿಬೇವಿನ ಕುಂಡಕ್ಕೆ, ತೊಳೆಯದಿದ್ದರೆ ಉಪ್ಪು ಗಿಡಕ್ಕಾಗಲ್ಲ. ಅಷ್ಟರಲ್ಲಿ ದೇವರಾಜ ಮಾರ್ಕೆಟ್ಟಿಗೆ ಮೊದಲ ಅವರೆಕಾಯಿ ಬಂದಿರುತ್ತೆ. ಒಂದು ಕಾಯಿ ಎತ್ತಿ ಮೂಸಿ, "ಇನ್ನೂ ಸೊಗಡಿಲ್ಲ ಬಿಡಮ್ಮ" ಅಂತ ಮಗಳು ವಾಪಸ್ ಹಾಕಿದಳು. ಅಂಗಡಿಯವರು ನನ್ನ ಮುಖ ನೋಡಿದರು.